ಕ್ರಿಲಿನ್ ಪಕ್ಷದವನ ಮಾತು

ಅಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ಡ್ರ್ಯಾಗನ್ ಬಾಲ್ ಎಂಬ ಜಪಾನಿ ಅನಿಮೆಯ, ಅಂದರೆ ಕಾರ್ಟೂನ್ ಧಾರಾವಾಹಿಯ, ಪಾತ್ರಗಳನ್ನೆಲ್ಲ ಶಕ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದ. ಸಾಲಿನ ತುದಿಗೆ ಬಂದಾಗ, "ಕ್ರಿಲಿನ್ ದಂಡ ಮಾವ. ಅವನು ಇರುವುದೇ ಸಾಯುವುದಕ್ಕೆ" ಎಂದ. ಕ್ರಿಲಿನ್ ಎಂದರೆ ಕಥೆಯ ನಾಯಕ ಗೊಕುವಿನ ಗೆಳೆಯ. ಇಪ್ಪತ್ತು ವರ್ಷದಿಂದ ನಾನು ಅವನ ಪಕ್ಷದವನು. ಒಂಬತ್ತು ವರ್ಷದವನ ಜೊತೆ ಎಲೆಯ ಮುಂದೆ ಜಗಳ ಬೇಡವೆಂದು ಅಲ್ಲಿ ಸುಮ್ಮನಾದೆ. ಇಲ್ಲಿ ಸುಮ್ಮನಿರಬೇಕಾಗಿಲ್ಲ.

2005ರ ಬೇಸಿಗೆ ರಜೆ. ಅಮೆರಿಕದಲ್ಲಿದ್ದ ಸೋದರಮಾವ ಸಂಸಾರ ಸಮೇತ ಶಿರಸಿಯ ನಮ್ಮ ಮನೆಗೆ ಬಂದಿದ್ದರು. ಅವರ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಭಾವ, ಜೇಬಿನಿಂದ ಪುಸ್ತಕದಂತೆ ಮಡಚುವ ಒಂದು ಬೆಳ್ಳಿ ಬಣ್ಣದ ಡಬ್ಬಿ ತೆಗೆದ. ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರ. ನಮ್ಮ ಕಡೆ ಆಗ ಆಟವೆಂದರೆ ಟಿವಿಗೆ ತಂತಿ ಸಿಕ್ಕಿಸುವ ನಕಲಿ ಪೆಟ್ಟಿಗೆಗಳು, ಒಂದೇ ಕ್ಯಾಸೆಟ್ಟಿನಲ್ಲಿ ಸಾವಿರ ಆಟ ಎಂದು ಬರೆದಿರುತ್ತಿದ್ದಂಥವು. ಇದಕ್ಕೆ ಟಿವಿಯೂ ಬೇಡ, ಕರೆಂಟೂ ಬೇಡ. ಪರದೆಗೆ ತನ್ನದೇ ಬೆಳಕಿದ್ದುದರಿಂದ ರಾತ್ರಿ ಕರೆಂಟು ಹೋದಾಗಲೂ ಜಗಲಿಯ ಮೂಲೆಯಲ್ಲಿ ಯುದ್ಧ ನಿಲ್ಲುತ್ತಿರಲಿಲ್ಲ. ಚಾರ್ಜರ್ ಮಾತ್ರ ಅಮೆರಿಕದ 120 ವೋಲ್ಟಿನದು. ಅದಕ್ಕಾಗಿ ಮಾವ ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ಹೊತ್ತು ತಂದಿದ್ದರು. ಅದು ರಾತ್ರಿಯಿಡೀ ಗುಂಯ್‌ಗುಡುತ್ತಿತ್ತು.

ಅದರೊಳಗಿದ್ದ ಆಟ 'ಡ್ರ್ಯಾಗನ್ ಬಾಲ್ ಝಡ್: ಸೂಪರ್‌ಸಾನಿಕ್ ವಾರಿಯರ್ಸ್'. 2004ರಲ್ಲಿ ಬಂದದ್ದು, ಜಪಾನಿನ ಆರ್ಕ್ ಸಿಸ್ಟಮ್ ವರ್ಕ್ಸ್ ಮತ್ತು ಕಾವಿಯಾ ಕಂಪನಿಗಳು ಸೇರಿ ಮಾಡಿದ್ದು. ಜಪಾನಿ ಹೆಸರು 'ಬುಕು ತೋಗೆಕಿ'. ಡ್ರ್ಯಾಗನ್ ಬಾಲ್ ಲೋಕದಲ್ಲಿ ಹಾರುವ ವಿದ್ಯೆಗೆ ಬುಕುಜುತ್ಸು ಎನ್ನುತ್ತಾರೆ. ಹಾರಾಟವನ್ನು ಹೆಸರಿನಲ್ಲೇ ಇಟ್ಟುಕೊಂಡ ಆಟ ಅದು. ಬೇರೆ ಹೊಡೆದಾಟದ ಆಟಗಳಲ್ಲಿ ನೆಲದ ಮೇಲೆ ನಿಲ್ಲಬೇಕು, ನೆಗೆದರೂ ಮತ್ತೆ ನೆಲಕ್ಕೇ ಬರಬೇಕು. ಇಲ್ಲಿ ಗಾಳಿಯೇ ಅಖಾಡ. ಮೇಲೆ, ಕೆಳಗೆ, ಓರೆಯಾಗಿ, ಎತ್ತ ಬೇಕಾದರೂ ನುಗ್ಗಬಹುದು. 240 ಅಡ್ಡ, 160 ಉದ್ದ ಚುಕ್ಕೆಗಳ ಪರದೆಯೊಳಗೆ ಅಷ್ಟು ದೊಡ್ಡ ಆಕಾಶ ಹಿಡಿಸಿದ್ದು ಹೇಗೆ ಎಂದು ನನಗೆ ಈಗಲೂ ಸೋಜಿಗ. ದಿಕ್ಕಿನ ಗುಂಡಿ ಬಿಟ್ಟರೆ ಹೊಡೆದಾಡಲು ಇದ್ದದ್ದು ಎ, ಬಿ, ಎಲ್, ಆರ್ ಎಂಬ ನಾಲ್ಕೇ ಗುಂಡಿ.

ಯಂತ್ರ ಒಂದೇ, ನಾವು ಇಬ್ಬರು. ಸೋತವನು ಇನ್ನೊಬ್ಬನಿಗೆ ಕೊಡಬೇಕೆಂಬುದು ನಿಯಮ. ಭಾವ ಒಡೆಯನಾದ್ದರಿಂದ ಗೊಕು ಅವನ ಪಾಲು, ಗೊಕುವಿಗೆ ಸರಿಸಾಟಿಯಾದ ವೆಜಿಟಾ ಕೂಡ ಅವನ ಪಾಲು. ನನಗೆ ಕ್ರಿಲಿನ್. ಬೇರೆಯವರನ್ನು ಮುಟ್ಟುವಂತಿಲ್ಲ. ಅವಮಾನವಾಗಲಿ ಎಂದೇ ಕೊಟ್ಟಿದ್ದ. ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಕ್ರಿಲಿನ್ ಹಿಡಿದುಕೊಂಡೇ ನಾನು ದೊಡ್ಡ ಖಳ ಫ್ರೀಜಾನನ್ನು ಕೆಡವಿದೆ. ಭಾವ ಯಂತ್ರ ಕಿತ್ತುಕೊಂಡು ನೋಡಿ, "ಇದು ಸುಳ್ಳು. ಕಥೆಯಲ್ಲಿ ಹಾಗಿಲ್ಲ" ಎಂದ.

ಅವನು ಹೇಳಿದ್ದು ಸರಿ. ಕಥೆಯಲ್ಲಿ ಹಾಗಿಲ್ಲ.

ಅಕಿರಾ ತೊರಿಯಾಮಾ 1984ರಿಂದ 1995ರವರೆಗೆ ವಾರವಾರ ಚಿತ್ರಕಥೆಯಾಗಿ ಬರೆದ ಆ ಕಥೆಯಲ್ಲಿ, ನಡುವಿನಲ್ಲೆಲ್ಲೋ, ಶಕ್ತಿ ಒಂದು ಸಂಖ್ಯೆಯಾಗಿಬಿಡುತ್ತದೆ. ಕಣ್ಣಿಗೆ ಹಾಕಿಕೊಂಡ ಶಕ್ತಿ ಅಳೆಯುವ ಯಂತ್ರದಲ್ಲಿ ಖಳ ರ‍್ಯಾಡಿಟ್ಜ್ ನೋಡಿದರೆ ಬಂದೂಕು ಹಿಡಿದ ರೈತನ ಶಕ್ತಿ 5. ಫ್ರೀಜಾ ತನ್ನ ಬಾಯಿಂದಲೇ ಹೇಳಿಕೊಳ್ಳುವ ಶಕ್ತಿ 5,30,000. ಐದಕ್ಕೂ ಐದು ಲಕ್ಷಕ್ಕೂ ನಡುವೆ ಪಂದ್ಯವಿಲ್ಲ, ಲೆಕ್ಕವಿದೆ ಅಷ್ಟೆ. ಲೆಕ್ಕದಲ್ಲಿ ಹಿಂದೆ ಬಿದ್ದವರಿಗೆ ಆಮೇಲೆ ಉಳಿಯುವ ಕೆಲಸ ಒಂದೇ, ನಾಯಕನಿಗೆ ಸಿಟ್ಟು ತರಿಸುವುದು. ನಮೆಕ್ ಗ್ರಹದಲ್ಲಿ ಫ್ರೀಜಾ ಕ್ರಿಲಿನ್‌ನನ್ನು ಗಾಳಿಯಲ್ಲಿ ಎತ್ತಿ ಸಿಡಿಸುತ್ತಾನೆ, ಗೊಕುವಿನ ಕೂದಲು ಬಂಗಾರವಾಗುತ್ತದೆ. ಮುಂದೆ ಸೆಲ್ ಎಂಬ ಖಳ ಆಂಡ್ರಾಯ್ಡ್ 16 ಎಂಬ ಯಂತ್ರಮಾನವನ ತಲೆಯನ್ನು ಕಾಲಿನಿಂದ ತುಳಿದು ಪುಡಿ ಮಾಡುತ್ತಾನೆ, ಗೊಕುವಿನ ಮಗ ಗೊಹಾನ್ ಉರಿದೇಳುತ್ತಾನೆ. ಚಿಕ್ಕವರ ಸಾವು ದೊಡ್ಡವರ ಒಲೆಗೆ ಸೌದೆ. ನಾನು ಆ ಧಾರಾವಾಹಿಯನ್ನು ಕಾರ್ಟೂನ್ ನೆಟ್‌ವರ್ಕಿನಲ್ಲಿ ಅರ್ಧ ಅರ್ಥವಾಗುವ ಹಿಂದಿಯಲ್ಲಿ ನೋಡಿದವನು, ಇವತ್ತಿಗೂ ಇಷ್ಟಪಡುವವನು. ಆದರೂ ಈ ಒಂದು ವಿಷಯದಲ್ಲಿ ನನಗೆ ಅದರ ಮೇಲೆ ಸಿಟ್ಟಿದೆ.

ಹೊಡೆದಾಟದ ಆಟಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ಪರದೆಯ ಎಡಕ್ಕೊಂದು ಜೀವದ ಪಟ್ಟಿ, ಬಲಕ್ಕೊಂದು. ಕ್ರಿಲಿನ್‌ನನ್ನು ಆಯ್ದುಕೊಂಡವನಿಗೆ ಗೆಲ್ಲುವ ದಾರಿಯೇ ಇಲ್ಲದಿದ್ದರೆ ಅದು ಆಟವಲ್ಲ, ಚಲಿಸುವ ಚಿತ್ರ. ಆದ್ದರಿಂದ ಅನಿಮೆಯನ್ನು ಹೊಡೆದಾಟದ ಆಟವಾಗಿಸುವವರು, ಬೇಕೆಂದೋ ಬೇಡವೆಂದೋ, ಮೂಲಕಥೆಯ ಜೊತೆ ತಕರಾರು ತೆಗೆದೇ ತೆಗೆಯುತ್ತಾರೆ. 'ಸೂಪರ್‌ಸಾನಿಕ್ ವಾರಿಯರ್ಸ್' ಆ ತಕರಾರನ್ನು ಬಾಯಿಬಿಟ್ಟೇ ಹೇಳಿತು. ಅದರ ಕಥಾಭಾಗದಲ್ಲಿ ಒಬ್ಬೊಬ್ಬ ಪಾತ್ರಕ್ಕೂ ತನ್ನದೇ ದಾರಿ, ಮೂಲದಲ್ಲಿ ನಡೆಯದ್ದು ನಡೆದಿದ್ದರೆ ಏನಾಗುತ್ತಿತ್ತು ಎಂಬ ಕವಲುಗಳು. ಮಾತುಗಳು ತೆಳು, ಒಂದೆರಡು ಸಾಲಿನಲ್ಲಿ ಮುಗಿಯುತ್ತವೆ. ಆದರೂ ಅಲ್ಲಿ ಖಳರಿಗೂ ಒಂದು ಸರದಿ ಸಿಗುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸತೇನಲ್ಲ. ಅಜ್ಜನ ಜೊತೆ ತಾಳಮದ್ದಳೆಗೆ ಹೋಗಿ ನಿದ್ದೆಗಣ್ಣಲ್ಲಿ ಕೂತವನಿಗೂ ಗೊತ್ತು, ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು. ಪದ್ಯ ಹಾಗಿದೆ, ಭಾಗವತರು ಅದನ್ನು ಬದಲಿಸುವಂತಿಲ್ಲ. ಆದರೆ ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ರಾಮ ಉತ್ತರಕ್ಕೆ ತಡಕಾಡಬೇಕಾಗುತ್ತದೆ. ಆ ರಾತ್ರಿ ಗೆದ್ದವರು ಯಾರು ಎಂದು ಮನೆಗೆ ನಡೆಯುವಾಗ ಅಜ್ಜ ಮತ್ತು ಅವರ ಗೆಳೆಯರು ವಾದಿಸುತ್ತಿದ್ದರು. ಬಾಣ ತಗಲಿದ್ದು ಯಾರಿಗೆ ಎಂಬುದು ಆ ವಾದದಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆಟ ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಇಲ್ಲಿ ಪದ್ಯವನ್ನೂ ಬದಲಿಸಬಹುದು.

ಹಾಗೆಂದು ಆ ಪುಟ್ಟ ಆಟ ನ್ಯಾಯದ ತಕ್ಕಡಿಯೇನೂ ಅಲ್ಲ. ನಾನು ಗೆದ್ದದ್ದು ದೂರ ನಿಂತು ಒಂದೇ ಏಟನ್ನು ಮತ್ತೆ ಮತ್ತೆ ಎಸೆದು, ಕಂಪ್ಯೂಟರಿಗೆ ಬುದ್ಧಿ ಬರುವ ಮೊದಲು. ಅದನ್ನು ಭಾವನಿಗೆ ಇವತ್ತಿನವರೆಗೆ ಹೇಳಿಲ್ಲ. ಅವನೂ ಇದನ್ನು ಓದುತ್ತಾನೆ, ಓದಲಿ.

ಅದೇ ಆರ್ಕ್ ಸಿಸ್ಟಮ್ ವರ್ಕ್ಸ್ 2018ರಲ್ಲಿ 'ಡ್ರ್ಯಾಗನ್ ಬಾಲ್ ಫೈಟರ್‌ಝಡ್' ತಂದಿತು. ಮೂರು ಮೂರು ಜನರ ತಂಡ, ಅನಿಮೆಯೇ ಎದ್ದು ಬಂದಂಥ ಚಿತ್ರ. ಆ ವರ್ಷ ಆಗಸ್ಟಿನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಇವೋ ಎಂಬ ಹೊಡೆದಾಟದ ಆಟಗಳ ಪಂದ್ಯಾವಳಿಯ ಅಂತಿಮ ಹಣಾಹಣಿಯಲ್ಲಿ ಅಮೆರಿಕದ ಸಾನಿಕ್‌ಫಾಕ್ಸ್, ಜಪಾನಿನ ಗೋಇಚಿಯನ್ನು ಸೋಲಿಸಿದಾಗ ಗೆದ್ದ ತಂಡದಲ್ಲಿದ್ದವರಲ್ಲಿ ಒಬ್ಬ ಆಂಡ್ರಾಯ್ಡ್ 16. ಹೌದು, ತಲೆ ಪುಡಿಯಾದವನೇ. ಅದನ್ನು ನೋಡುತ್ತಾ ರೂಮಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಇದಕ್ಕೆ ಉಲ್ಟಾ ಪಂಥವೂ ಇದೆ. 2024ರಲ್ಲಿ ಬಂದ 'ಸ್ಪಾರ್ಕಿಂಗ್ ಝೀರೊ' ಎಂಬ ಡ್ರ್ಯಾಗನ್ ಬಾಲ್ ಆಟದಲ್ಲಿ ಮೊದಲಿಗೇ ಪಾತ್ರಗಳು 182. ಅದನ್ನು ಮಾಡಿದವರು ಬಲವನ್ನು ಬೇಕೆಂದೇ ಏರುಪೇರಾಗಿ ಇಟ್ಟಿದ್ದಾರೆ. ಕಥೆಯಲ್ಲಿ ದುರ್ಬಲನಾದವನು ಅಲ್ಲಿಯೂ ದುರ್ಬಲ. ಮೂಲಕ್ಕೆ ನಿಷ್ಠೆ ಎಂದು ಜನ ಅದನ್ನು ಕೊಂಡಾಡುತ್ತಾರೆ. ನನಗೆ ಆ ನಿಷ್ಠೆ ಬೇಡ. ಮೂಲ ಬೇಕಾದರೆ 291 ಕಂತುಗಳ ಧಾರಾವಾಹಿ ಇದ್ದೇ ಇದೆ, ನೋಡಿದರಾಯಿತು. ದುರ್ಬಲನನ್ನು ಆಯ್ದು ಗೆಲ್ಲುವುದೇ ದೊಡ್ಡ ಸಾಹಸ ಎನ್ನುವವರಿದ್ದಾರೆ. ಇರಬಹುದು. ಆದರೆ ಹುಡುಗ ಮೊದಲ ದಿನವೇ ಅವನನ್ನು ಬಿಟ್ಟು ಗೊಕುವಿನ ಹೊಸ ಅವತಾರಕ್ಕೆ ಹೋಗುತ್ತಾನೆ, ನಮ್ಮ ಮನೆಯಲ್ಲಿ ಆದದ್ದೂ ಅದೇ.

ಮೊನ್ನೆ ಊಟವಾದ ಮೇಲೆ ಅಕ್ಕನ ಮಗನಿಗೆ ಹಳೆಯ ಒಂದು ಕಥೆ ಹೇಳಿದೆ. ಮೊದಲ ಭಾಗದ ಕಾಳಗದ ಪಂದ್ಯದಲ್ಲಿ ಕ್ರಿಲಿನ್‌ಗೆ ಎದುರಾಗುವವನು ಬ್ಯಾಕ್ಟೀರಿಯನ್. ಸ್ನಾನವೇ ಮಾಡದ ದೈತ್ಯ, ನಾತವೇ ಅವನ ಆಯುಧ. ಕ್ರಿಲಿನ್ ಮೂರ್ಛೆ ಹೋಗುವ ಸ್ಥಿತಿಯಲ್ಲಿರುವಾಗ ಗೊಕು ಹೊರಗಿನಿಂದ ಕೂಗುತ್ತಾನೆ: ನಿನಗೆ ಮೂಗೇ ಇಲ್ಲವಲ್ಲ! ತೊರಿಯಾಮಾ ಅವನಿಗೆ ಮೂಗು ಬರೆದಿರಲೇ ಇಲ್ಲ. ನೆನಪಾದ ಕೂಡಲೇ ವಾಸನೆ ಮಾಯ, ಕ್ರಿಲಿನ್ ಗೆದ್ದ.

ಹುಡುಗ ಬಿದ್ದು ಬಿದ್ದು ನಕ್ಕ. ಆಮೇಲೆ ಕಪಾಟಿನ ಆ ಬೆಳ್ಳಿ ಡಬ್ಬಿ ಕೊಡು ಎಂದ. ಮಾವನ ಮನೆಯವರು ವಾಪಸು ಹೋಗುವಾಗ ಭಾವ ಅದನ್ನು ನನಗೇ ಬಿಟ್ಟು ಹೋಗಿದ್ದ. ಬ್ಯಾಟರಿ ಈಗ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಫ್ರೀಜಾನ ಎದುರು ಕ್ರಿಲಿನ್‌ನನ್ನು ನಿಲ್ಲಿಸಿ ನಾಲ್ಕು ಸಲ ಸೋತ. ಐದನೆಯ ಸಲ ಇನ್ನೇನು ಗೆಲ್ಲಬೇಕು, ಪರದೆ ಕಪ್ಪಾಯಿತು. ಈಗ ಆ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಎಂದು ಅಟ್ಟದ ಮೇಲೆ ಹುಡುಕುತ್ತಿದ್ದೇನೆ.