ಶರಾವತಿಯನ್ನು ಹತ್ತಿಸುವ ಸಾಹಸ

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿತಷ್ಟೆ. ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ ಕೊರೆಯಬಹುದೆಂದು ವನ್ಯಜೀವಿಗಳ ಮಂಡಳಿಯೇ ತಲೆಯಾಡಿಸಿದ ಮೇಲೆ ಸಿಂಗಳೀಕಗಳು ತಕರಾರು ತೆಗೆಯುವುದು ಅಶಿಸ್ತಾಗುತ್ತದೆ.

ಯೋಜನೆಯ ಸೊಗಸನ್ನು ಮೆಚ್ಚಲೇಬೇಕು. ಮೇಲಿನ ತಳಕಳಲೆ ಜಲಾಶಯದ ನೀರನ್ನು ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೆ ಇಳಿಸಿ 2,000 ಮೆಗಾವಾಟ್ ವಿದ್ಯುತ್ ತೆಗೆಯುವುದು, ಬೇಡಿಕೆ ತಗ್ಗಿದಾಗ ಅದೇ ನೀರನ್ನು ಉತ್ಪಾದಿಸಿದ್ದಕ್ಕಿಂತ ಹೆಚ್ಚು ವಿದ್ಯುತ್ ವ್ಯಯಿಸಿ ಮೇಲಕ್ಕೆತ್ತುವುದು. ನೂರು ರೂಪಾಯಿ ಹಾಕಿ ಎಂಬತ್ತು ಎಣಿಸಿಕೊಳ್ಳುವ ಈ ವ್ಯಾಪಾರವನ್ನು ಕಿರಾಣಿ ಅಂಗಡಿಯವನು ಮಾಡಿದರೆ ಮನೆಯವರು ಅವನಿಂದ ಗಲ್ಲಾಪೆಟ್ಟಿಗೆಯ ಬೀಗ ಕಸಿದುಕೊಳ್ಳುತ್ತಾರೆ. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕೆಂಬ ವಾದ ಸುಳ್ಳಲ್ಲ, ಒಪ್ಪೋಣ. ಆದರೆ ಕೂಡಿಡಲು ಪಶ್ಚಿಮಘಟ್ಟದ ಮಳೆಕಾಡೇ ಆಗಬೇಕೆಂಬ ಹಟ ಯಾವ ಲೆಕ್ಕದ್ದು?

ನೀರನ್ನು ಹತ್ತಿಸುವ ಚಪಲ ನಮ್ಮವರಿಗೆ ಹೊಸದೇನಲ್ಲ. ಜೋಗ ವರ್ಷವಿಡೀ ಧುಮ್ಮಿಕ್ಕಲೆಂದು ಬಿದ್ದ ನೀರನ್ನೇ ಪಂಪಿನಿಂದ ಎತ್ತಿ, ಪ್ರವಾಸಿಗರ ಎದುರು ಮತ್ತೆ ಬೀಳಿಸುವ ಪ್ರಸ್ತಾಪವೂ ಒಮ್ಮೆ ಗಂಭೀರವಾಗಿ ಚರ್ಚೆಯಾಗಿತ್ತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೇ ಹತ್ತಿಸಲು ಹೊರಟಾಗ ಶಿವಮೊಗ್ಗ ಜಿಲ್ಲೆ ಜುಲೈ 10ರಂದು ಬಂದ್ ಆಚರಿಸಿ ಉತ್ತರ ಕೊಟ್ಟಿತು. ಅತ್ತ ಬಯಲುಸೀಮೆಗೆ ನೀರೆತ್ತುವ ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚವಂತೂ ಯಾವ ಪಂಪಿನ ನೆರವೂ ಇಲ್ಲದೆ ಸುಮಾರು 8,300 ಕೋಟಿಯಿಂದ 23,000 ಕೋಟಿ ದಾಟಿ ಏರಿದೆ.

ಈಗ ಮತ್ತೆ 'ನಾಡಿನ ಬೆಳಕಿಗಾಗಿ ಸಣ್ಣ ತ್ಯಾಗ' ಎಂಬ ಮಾತು ಕೇಳಿಬರುತ್ತಿದೆ. 54 ಹೆಕ್ಟೇರ್ ಅರಣ್ಯ, 15,000ಕ್ಕೂ ಹೆಚ್ಚು ಮರ. ಭಾಷಣದಲ್ಲಿ ಇದು ಸಣ್ಣದೇ. ಸಣ್ಣ ತ್ಯಾಗವೆಂದರೆ ಏನೆಂಬುದನ್ನು ಸಾಗರ, ಹೊಸನಗರದ ಮುಳುಗಡೆ ಸಂತ್ರಸ್ತರನ್ನು ಕೇಳಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿನ್ನೀರಿನಾಚೆ ಉಳಿದವರು ಲಾಂಚಿಗಾಗಿ ಕಾದು ಕಾದು, ಸಿಗಂದೂರಿನ ಸೇತುವೆಯನ್ನು ಕಂಡದ್ದು 2025ರ ಜುಲೈನಲ್ಲಿ. ಊರು ಮುಳುಗಿ ಎದ್ದುಹೋದವರಿಗೆ ಬದಲಿಯಾಗಿ ಕೊಟ್ಟ ಜಮೀನು ದಾಖಲೆಯಲ್ಲಿ ಇನ್ನೂ ಅರಣ್ಯವೆಂದೇ ಇರುವುದರಿಂದ, ಎಷ್ಟೋ ಕುಟುಂಬಗಳ ಮೂರನೆಯ ತಲೆಮಾರಿಗೂ ಹಕ್ಕುಪತ್ರವಿಲ್ಲ. ಅಜ್ಜ ಊರು ಬಿಟ್ಟು ಬಂದು ಕಟ್ಟಿದ ತೋಟದಲ್ಲಿ ಮೊಮ್ಮಗ ಒತ್ತುವರಿದಾರ. ಅರಣ್ಯ ಕಾನೂನನ್ನು ಬದಿಗೆ ಸರಿಸಲಾಗದು ಎಂದು ಅವನಿಗೆ ಕಚೇರಿಯಲ್ಲಿ ಬುದ್ಧಿ ಹೇಳಿ ಕಳಿಸುತ್ತಾರೆ. ಸುರಂಗಕ್ಕಾದರೆ ಅದೇ ಕಾನೂನು ಸರಿದು ನಿಲ್ಲುತ್ತದೆ. ಅವನ ಎರಡೆಕರೆಗೆ ಮಾತ್ರ ಅಲ್ಲಾಡುವುದಿಲ್ಲ. ಇದನ್ನು ಅಭಿವೃದ್ಧಿ ಎನ್ನಬೇಡಿ, ವಂಚನೆ ಎನ್ನಿ.