ಕರೆಂಟ್ ತಗೊಂಡವರು ಆರತಿ ಎತ್ತಬಾರದಂತೆ!

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದು ಹಾಕಿದರೆ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಪಿಯು ಹುಡುಗರಿಗೆ ಫಿಸಿಕ್ಸ್ ಪಾಠ ಮಾಡಿಯೇ ನಿವೃತ್ತಳಾದವಳು ನಾನು ಅಂತ ಇಲ್ಲಿರುವ ಬಹಳ ಜನಕ್ಕೆ ಗೊತ್ತು. ಅರ್ಧ ಜನ ನನ್ನ ಹತ್ತಿರ ಬೈಸಿಕೊಂಡವರೇ. ಹಾಗಾಗಿ ಯಾವ ಮನೆಗೆ ಊಟಕ್ಕೆ ಹೋದರೂ ಪಕ್ಕದ ಎಲೆಯವರು ಏನಾದರೂ ಕೇಳುತ್ತಾರೆ. ಕೈಗಾ ಅಣುಸ್ಥಾವರ ಒಡೆದರೆ ರೇಡಿಯೇಷನ್ ನಮ್ಮ ಕಡೆಗೂ ಬರುತ್ತಾ ಮೇಡಂ? ಮೊಬೈಲ್ ತಲೆದಿಂಬಿನ ಕೆಳಗೆ ಇಟ್ಟರೆ? ಎಕ್ಸ್‌ರೇ ತೆಗೆಸಿದ ಮೇಲೆ ಎಳನೀರು ಕುಡಿದರೆ ರೇಡಿಯೇಷನ್ ಹೋಗುತ್ತಾ? ಕೇಳಲಿ, ನನಗೆ ಖುಷಿಯೇ. ಆದರೆ ನಿನ್ನೆ ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳದೇ ತೀರ್ಮಾನ ಮಾಡಿಬಿಟ್ಟರು.

ತೀರ್ಥಹಳ್ಳಿ ಕಡೆಯ ಒಂದು ಮನೆ. ಸೀಮಂತ. ಹುಡುಗಿಗೆ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಆರತಿ ಎತ್ತುವ ಹೊತ್ತು. ಹುಡುಗಿಯ ದೊಡ್ಡಮ್ಮ ತಟ್ಟೆ ಹಿಡಿದು ಮುಂದೆ ಬಂದರು. ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಘಟ್ಟದ ಕೆಳಗೆ ಬಾಡಿಗೆ ರೂಮು ಹಿಡಿದು, ವಾರಗಟ್ಟಲೆ ರೇಡಿಯೇಷನ್ ತಗೊಂಡು ಬಂದವರು. ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದೇ. ಮುಗಿದು ತಿಂಗಳುಗಳಾಗಿವೆ. ಕುತ್ತಿಗೆ ಕೆಳಗೆ ಚರ್ಮ ಕಪ್ಪಾದದ್ದು ಕಾಣಬಾರದು ಅಂತ ಸೆರಗನ್ನು ಎರಡೂ ಭುಜಕ್ಕೆ ಹೊದ್ದಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಬಂದು, "ಅಕ್ಕಾ, ನೀವು ಬೇಡ. ನಿಮಗೆ ಕರೆಂಟ್ ಕೊಟ್ಟಿದಾರಲ್ಲ, ಹೊಟ್ಟೇಲಿರೋ ಮಗುಗೆ ತಾಗುತ್ತೆ" ಅಂದರು. ಅಂದದ್ದು ಮೆಲ್ಲಗೇ, ಕೇಳಿದ್ದು ಇಡೀ ಜಗಲಿಗೆ. ತಟ್ಟೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ದೀಪ ಕೂಡ ಆರಲಿಲ್ಲ, ಅಷ್ಟು ನಾಜೂಕು!

ದೊಡ್ಡಮ್ಮ "ಹೌದಲ್ಲ, ನಂಗೆ ನೆನಪೇ ಇರ್ಲಿಲ್ಲ" ಅಂತ ನಕ್ಕು, ಕೈ ತೊಳೆಯುವ ಕಡೆ ಇದ್ದ ಕುರ್ಚಿಗೆ ಹೋಗಿ ಕೂತರು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. "ತಾಗೋಕೆ ಅವರ ಮೈಯಲ್ಲಿ ಏನಿದೆ ಮಾರಾಯ್ರೆ?" ಅಂತ ಕೇಳಿದೆ. "ಇರ್ಲಿ ಬಿಡಿ ಮೇಡಂ, ಸುಮ್ನೆ ಯಾಕೆ ರಿಸ್ಕು" ಅಂತ ಉತ್ತರ ಬಂತು. ಆಮೇಲೆ ಎಲ್ಲರೂ ಕೋಸಂಬರಿಗೆ ಹೋದರು.

ಸರಿ, ಅಲ್ಲಿ ಹೇಳಲು ಬಿಡದಿದ್ದನ್ನು ಇಲ್ಲಿ ಹೇಳುತ್ತೇನೆ.

ಹೊರಗಿನ ಮೆಷಿನ್ನಿನಿಂದ ಕೊಡುವ ರೇಡಿಯೇಷನ್ನಿನಲ್ಲಿ ಮೈಯೊಳಗೆ ಏನನ್ನೂ ಇಡುವುದಿಲ್ಲ. ಈಗಿನ ಮೆಷಿನ್ನಿನಲ್ಲಿ ಎಲೆಕ್ಟ್ರಾನುಗಳನ್ನು ವೇಗವಾಗಿ ಓಡಿಸಿ ಲೋಹಕ್ಕೆ ಹೊಡೆಸುತ್ತಾರೆ. ಅದರಿಂದ ಬಲವಾದ ಎಕ್ಸ್‌ರೇ ಹುಟ್ಟುತ್ತದೆ. ಅದು ಗಡ್ಡೆಯ ಜೀವಕೋಶಗಳನ್ನು ಕೆಡಿಸುತ್ತದೆ. ಸ್ವಿಚ್ ಆರಿಸಿದರೆ ಅಲ್ಲಿಗೆ ಮುಗಿಯಿತು. ಹಳೇ ಕೋಬಾಲ್ಟ್ ಮೆಷಿನ್ನಿನಲ್ಲಿ ನಿಜವಾಗಿಯೂ ವಿಕಿರಣಶೀಲ ವಸ್ತು, ಅಂದರೆ ತಾನಾಗಿಯೇ ಕಿರಣ ಸೂಸುವ ವಸ್ತು, ಇರುತ್ತದೆ. ಆದರೆ ಅದು ಮೆಷಿನ್ ತಲೆಯೊಳಗೆ, ಸೀಸದ ಗೂಡಲ್ಲಿ ಇರುತ್ತದೆ. ರೋಗಿಯ ಜೊತೆ ಬಸ್ ಹತ್ತಿ ಆಗುಂಬೆ ಘಾಟಿ ಏರಿ ಬರುವುದಿಲ್ಲ. ಬಿಸಿಲಲ್ಲಿ ಒಣಗಿಸಿದ ಅಡಿಕೆ ರಾತ್ರಿ ಅಂಗಳಕ್ಕೆ ಬೆಳಕು ಕೊಡುತ್ತಾ? ಇದೂ ಹಾಗೇ. ಕಿರಣದಿಂದ ಚರ್ಮ ಸುಟ್ಟಿರಬಹುದು, ಸುಸ್ತು ಉಳಿದಿರಬಹುದು. ಕಿರಣ ಉಳಿದಿಲ್ಲ.

ಇದೇ ಮನೆಯವರು ಮಗುವಿಗೆ ನಾಳೆ ಇಂಜೆಕ್ಷನ್ ಹಾಕಿಸುತ್ತಾರಲ್ಲ, ಬಿಸಾಡುವ ಸಿರಿಂಜು, ಗ್ಲೌಸು, ಇಂಥವನ್ನು ಎಷ್ಟೋ ಕಡೆ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿಯೇ ಶುದ್ಧ ಮಾಡುತ್ತಾರೆ. 2007ರಿಂದ ಅಮೆರಿಕಕ್ಕೆ ಹೋಗುತ್ತಿರುವ ನಮ್ಮ ಮಾವಿನಹಣ್ಣಿಗೂ ಕಿರಣ ಹಾಯಿಸಿಯೇ ಕಳಿಸುತ್ತಾರೆ. ಹಣ್ಣು ತಿಂದವರಿಗೆ ಯಾರೂ ಹೊರಗೆ ಕೂರಿ ಅಂದಿಲ್ಲ.

ಇನ್ನೊಂದು ಮಾತು, ಇದನ್ನು ಅಲ್ಲೇ ಹೇಳಿದ್ದರೆ ಜಗಳವೇ ಆಗುತ್ತಿತ್ತು. ನಮ್ಮೆಲ್ಲರ ಮೈಯಲ್ಲೂ ಪೊಟಾಷಿಯಂ ಇದೆ. ಅದರಲ್ಲಿ ಹೆಚ್ಚುಕಡಿಮೆ ಹತ್ತು ಸಾವಿರಕ್ಕೆ ಒಂದು ಪರಮಾಣು ಪೊಟಾಷಿಯಂ-40. ಅದು ವಿಕಿರಣಶೀಲ. ದೊಡ್ಡವರ ಮೈಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4,000 ಇಂಥ ಪರಮಾಣು ಒಡೆಯುತ್ತಲೇ ಇರುತ್ತವೆ. ಅದರ ಜೊತೆಗೆ ಕಾರ್ಬನ್-14 ಬೇರೆ. ಹುಟ್ಟಿದಾಗಿನಿಂದ ಸಾಯುವ ತನಕ, ಮಲಗಿದಾಗಲೂ. ಈ ಪೊಟಾಷಿಯಂ ಕೊಬ್ಬಿಗಿಂತ ಮಾಂಸಖಂಡದಲ್ಲಿ ಜಾಸ್ತಿ. ಅಂದರೆ ಕಾಯಿಲೆಯಿಂದ ಸೊರಗಿದ ದೊಡ್ಡಮ್ಮನಿಗಿಂತ, ತಟ್ಟೆ ಕಿತ್ತುಕೊಂಡ ಗಟ್ಟಿಮುಟ್ಟಾದ ಅಮ್ಮನಿಂದಲೇ ನಾಲ್ಕು ಕಿರಣ ಜಾಸ್ತಿ ಹೊರಬರುತ್ತಿದ್ದವು. ನ್ಯಾಯವಾಗಿ ಆ ಕುರ್ಚಿ ಯಾರದ್ದು ಅಂತ ನೀವೇ ಹೇಳಿ. (ಬಾಳೆಹಣ್ಣಿನಲ್ಲೂ ಪೊಟಾಷಿಯಂ ಇದೆಯಲ್ಲ ಅಂತ ನಾಳೆಯಿಂದ ಅದನ್ನೂ ಬಿಟ್ಟುಬಿಡಬೇಡಿ. ಜಾಸ್ತಿ ತಿಂದರೆ ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ.)

"ಹುಷಾರಾಗಿದ್ದರೆ ಏನು ನಷ್ಟ?" ಅಂತ ಕೇಳುವವರಿದ್ದಾರೆ. ಬಸುರಿ ಹುಡುಗಿ, ಮೊದಲ ಮಗು, ಭಯ ಸಹಜ ಅಲ್ವಾ ಅಂತ. ನಷ್ಟ ಇದೆ ಸ್ವಾಮಿ. ನಿಮಗಲ್ಲ ಅಷ್ಟೇ. ಹುಷಾರು ನಿಮ್ಮದು, ಅದರ ಬಿಲ್ಲು ಕಟ್ಟಿದ್ದು ಆ ಹೆಂಗಸು.

ಹಾಗಂತ ಯಾವ ಚಿಕಿತ್ಸೆಗೂ ಹುಷಾರು ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮನೆಯವರಿಗೆ ಥೈರಾಯ್ಡ್ ಕ್ಯಾನ್ಸರ್ ಆದದ್ದು ಹತ್ತಿರದವರಿಗೆ ಗೊತ್ತು. ಆಪರೇಷನ್ ಆದ ಮೇಲೆ ಅಯೋಡಿನ್-131 ಕ್ಯಾಪ್ಸೂಲ್ ನುಂಗಿಸಿದರು. ಅದು ಬೇರೆ ಕಥೆ. ಅಲ್ಲಿ ವಿಕಿರಣಶೀಲ ವಸ್ತು ಮೈಯೊಳಗೇ ಹೋಗುತ್ತದೆ, ಮೈಯಿಂದ ಗಾಮಾ ಕಿರಣ ಹೊರಗೆ ಬರುತ್ತದೆ. ಆಸ್ಪತ್ರೆಯಲ್ಲಿ ಒಬ್ಬರೇ ಇರುವ ರೂಮು, ಮನೆಗೆ ಬಂದ ಮೇಲೂ ಬೇರೆ ಹಾಸಿಗೆ, ಬೇರೆ ಟವೆಲ್. ಟಾಯ್ಲೆಟ್ಟಿಗೆ ಎರಡು ಸಲ ನೀರು. ಮೊಮ್ಮಗಳನ್ನು ಅವರಮ್ಮನ ಮನೆಗೆ ಕಳಿಸಿದ್ದೆವು. ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಲೆಕ್ಕ ಪೂರ್ತಿ ಗೊತ್ತಿದ್ದ ನಾನು, ರಾತ್ರಿ ನಡುಮನೆಯಲ್ಲಿ ಮಲಗಿ ಅವರ ಕೆಮ್ಮು ಕೇಳಿ ಎದ್ದು ಹೋಗಿ, ಬಾಗಿಲ ಹೊರಗೇ ನಿಂತು ಅತ್ತಿದ್ದೇನೆ. ಹಾಗಾಗಿ ಭಯ ಅಂದರೆ ಏನು ಅಂತ ನನಗೆ ಪಾಠ ಹೇಳಬೇಡಿ. ಆದರೆ ಆ ಭಯಕ್ಕೆ ಒಂದು ಕೊನೆಯ ತಾರೀಕು ಇತ್ತು. ಅದನ್ನು ಡಾಕ್ಟರು ಬರೆದುಕೊಟ್ಟಿದ್ದರು. ಆ ತಾರೀಕು ಕಳೆದ ಬೆಳಿಗ್ಗೆ ಮೊಮ್ಮಗಳು ಅಜ್ಜನ ತೊಡೆ ಮೇಲೆ ಕೂತು ದೋಸೆ ತಿಂದಳು.

ಆ ತಾರೀಕು ಎಲ್ಲಿಂದ ಬಂತು? ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ: "ಅಯೋಡಿನ್ ಅರ್ಧಾಯುಷ್ಯ 8 ದಿನ ಅಂದ್ರೆ 16 ದಿನಕ್ಕೆ ಪೂರ್ತಿ ಖಾಲಿ ಅಲ್ವಾ ಮೇಡಂ?" ಅಲ್ಲ ಮಗಾ. 8 ದಿನಕ್ಕೆ ಅರ್ಧ. ಇನ್ನೊಂದು 8 ದಿನಕ್ಕೆ ಉಳಿದ ಅರ್ಧದಲ್ಲಿ ಅರ್ಧ, ಅಂದರೆ ಕಾಲು. ಹೀಗೇ 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲಿನಷ್ಟೂ ಉಳಿಯುವುದಿಲ್ಲ. ಒಡೆದ ಅಯೋಡಿನ್ ಕ್ಸೆನಾನ್ ಆಗಿ ತೆಪ್ಪಗಾಗುತ್ತದೆ. ಮೈಯೊಳಗೆ ಇದ್ದದ್ದಾದರೆ ಮೂತ್ರದಲ್ಲೂ ಹೋಗುವುದರಿಂದ ಇನ್ನೂ ಬೇಗ ಕಡಿಮೆಯಾಗುತ್ತದೆ. ಬೋನ್ ಸ್ಕ್ಯಾನಿಗೆ ಚುಚ್ಚುವ ಟೆಕ್ನೀಷಿಯಂ-99m ಅನ್ನೋ ವಸ್ತುವಿನ ಅರ್ಧಾಯುಷ್ಯ 6 ಗಂಟೆ ಅಷ್ಟೇ. ಮಾರನೇ ದಿನಕ್ಕೆ ಹದಿನಾರರಲ್ಲಿ ಒಂದು ಪಾಲು.

ಯಾವ ಪರಮಾಣು ಯಾವಾಗ ಒಡೆಯುತ್ತದೆ ಅಂತ ಮಾತ್ರ ಯಾರೂ ಹೇಳಲಾರರು. ಪರಮಾಣುವಿಗೆ ಮುಪ್ಪಿಲ್ಲ. ಒಂದೇ ಜಾತಿಯದ್ದಾದರೆ, ನಿನ್ನೆ ಹುಟ್ಟಿದ್ದಕ್ಕೂ, ಭೂಮಿ ಹುಟ್ಟಿದಾಗಿನಿಂದ ಇರುವುದಕ್ಕೂ, ಮುಂದಿನ ಕ್ಷಣ ಒಡೆಯುವ ಸಂಭವ ಒಂದೇ. ಕುದಿಸಿ, ಫ್ರಿಜ್ಜಿನಲ್ಲಿಡಿ, ಅರಿಶಿನ ಹಾಕಿ, ಅದಕ್ಕೆ ಲೆಕ್ಕವೇ ಇಲ್ಲ. ಎಳನೀರಿಗೂ ಅಷ್ಟೇ. ಎಕ್ಸ್‌ರೇ ಆದ ಮೇಲೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ, ಬಾಯಾರಿಕೆಗೆ ಕುಡಿಯಿರಿ. ಆದರೆ ಕೋಟಿಗಟ್ಟಲೆ ಪರಮಾಣು ಒಟ್ಟಿಗಿದ್ದರೆ ಅರ್ಧ ಒಡೆಯಲು ಎಷ್ಟು ಹೊತ್ತು ಬೇಕು ಅನ್ನೋದು ಚಾಚೂ ತಪ್ಪುವುದಿಲ್ಲ. ಇದು ನನಗೆ ಇವತ್ತಿಗೂ ಆಶ್ಚರ್ಯ. ಪಾಠ ಮಾಡಿ ಮಾಡಿಯೂ ಹೋಗಿಲ್ಲ.

"ಸಾವಿರಾರು ವರ್ಷ ಇರುತ್ತಂತೆ" ಅನ್ನೋದು ಇನ್ನೊಂದು ದೊಡ್ಡ ಗುಮ್ಮ. ಅರ್ಧಾಯುಷ್ಯ ಉದ್ದ ಅಂದರೆ ನಿಧಾನವಾಗಿ ಒಡೆಯುತ್ತಿದೆ ಅಂತ ಅರ್ಥ. ಹಿಂದೆ ಮದುವೆ ಮನೆಗಳಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಗ್ಯಾಸ್‌ಲೈಟ್ ಉರಿಯುತ್ತಿತ್ತಲ್ಲ, ಅದರ ಮ್ಯಾಂಟಲ್ಲಿನಲ್ಲಿ ಥೋರಿಯಂ ಇತ್ತು. ಆ ಬಿಳೀ ಬೆಳಕು ಅದರದ್ದೇ. ಥೋರಿಯಂ ಅರ್ಧಾಯುಷ್ಯ 1,400 ಕೋಟಿ ವರ್ಷ. ಅದರ ಒಂದು ಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು 4,000 ಪರಮಾಣು ಒಡೆದರೆ, ಬರೀ 8 ದಿನದ ಅಯೋಡಿನ್-131ರ ಒಂದು ಗ್ರಾಮಿನಲ್ಲಿ ಒಡೆಯುವುದು ಸುಮಾರು 46 ಕೋಟಿ ಕೋಟಿ! ಕೇರಳದ ಕರುನಾಗಪಳ್ಳಿ ಕಡಲತೀರದ ಮರಳಿನಲ್ಲೇ ಥೋರಿಯಂ ಇದೆ. ಜನ ತಲೆತಲಾಂತರದಿಂದ ಅದರ ಮೇಲೇ ಬದುಕಿದ್ದಾರೆ. ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದರೂ ಅಲ್ಲಿ ಅದರಿಂದ ಕ್ಯಾನ್ಸರ್ ಜಾಸ್ತಿಯಾದದ್ದು ಕಂಡಿಲ್ಲ.

ಈ ಗಲಾಟೆ ಮಧ್ಯೆ ಒಬ್ಬ ಹುಡುಗ ಬಂದು ಮೊಬೈಲಿಗೆ ಅಂಟಿಸಿದ ಸ್ಟಿಕ್ಕರ್ ತೋರಿಸಿ, "ಇದು ರೇಡಿಯೇಷನ್ ತಡೆಯುತ್ತಾ ಮೇಡಂ?" ಅಂದ. ತಡೆದರೆ ಫೋನೇ ಬರಲ್ಲಪ್ಪ ಅಂದೆ. ಮೊಬೈಲ್ ಅಲೆಗೂ ಪರಮಾಣು ಒಡೆಯುವುದಕ್ಕೂ ಸಂಬಂಧವೇ ಇಲ್ಲ. ಟವರ್ ಬೇಡ ಅಂತ ಒಂದು ಅರ್ಜಿ, ನೆಟ್‌ವರ್ಕ್ ಇಲ್ಲ ಅಂತ ಇನ್ನೊಂದು ಅರ್ಜಿ, ಎರಡಕ್ಕೂ ಸಹಿ ಹಾಕಿದವರು ನಮ್ಮೂರಲ್ಲೇ ಇದ್ದಾರೆ. ಹೋಗಲಿ ಬಿಡಿ.

ಈಗ ಕೈಗಾ ತಗೊಂಡು ಬರುತ್ತೀರಿ, ಗೊತ್ತು. ಸರ್ಕಾರದವರು ಎಲ್ಲ ಸರಿಯಿದೆ ಅಂತಾರೆ, ಆಮೇಲೆ ನೋಡಿದರೆ ಹೀಗೆ, ಅದಕ್ಕೇ ಜನ ಹೆದರುತ್ತಾರೆ ಅಂತ. ಒಪ್ಪುತ್ತೇನೆ. 1994ರಲ್ಲಿ ಕಟ್ಟುತ್ತಿದ್ದಾಗಲೇ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಬಿತ್ತು. ಪುಣ್ಯಕ್ಕೆ ಒಳಗೆ ಇಂಧನ ಇರಲಿಲ್ಲ. 2009ರ ನವೆಂಬರಿನಲ್ಲಿ ಕೆಲಸಗಾರರು ಕುಡಿಯುವ ಕೂಲರಿನ ನೀರಿಗೆ ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್, ಸೇರಿತ್ತು. ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲೂ ಕೈಗಾ ಬೇಡ ಅಂತ ಓಡಾಡಿದರು, 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. ಸ್ಥಾವರದ ಬಗ್ಗೆ ಪ್ರಶ್ನೆ ಕೇಳಿ, ಜೋರಾಗಿ ಕೇಳಿ, ನಾನೂ ಬರುತ್ತೇನೆ. ಆದರೆ ಕೈಗಾ ಮೇಲಿನ ಅನುಮಾನವನ್ನು ಕೈಗಾದವರ ಹತ್ತಿರ ತೀರಿಸಿಕೊಳ್ಳಬೇಕು. ಆರತಿ ತಟ್ಟೆ ಹಿಡಿದವರ ಹತ್ತಿರ ಅಲ್ಲ.

ನಾವು ಮಾತ್ರ ಹೀಗೆ ಅಂತಲೂ ಅಲ್ಲ. ಹಿರೋಶಿಮಾದಲ್ಲಿ ಬದುಕಿ ಉಳಿದವರಿಗೆ ಹೆಣ್ಣು ಕೊಡಲು, ಗಂಡು ಕೊಡಲು ಜನ ಹಿಂದೇಟು ಹಾಕಿದರು. 1987ರಲ್ಲಿ ಬ್ರೆಜಿಲಿನ ಗೋಯಾನಿಯಾ ಊರಲ್ಲಿ ಪಾಳುಬಿದ್ದ ಕ್ಲಿನಿಕ್ಕಿನಿಂದ ರೇಡಿಯೇಷನ್ ಮೆಷಿನ್ನಿನ ಭಾಗ ಬಿಚ್ಚಿ ಗುಜರಿಗೆ ಮಾರಿದರು. ಒಳಗೆ ಸೀಸಿಯಂ-137. ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು ಅಂತ ನೆಂಟರಿಷ್ಟರಿಗೆಲ್ಲ ಹಂಚಿದರು. ಅದು ನಿಜವಾದ ಅಪಾಯ. ನಾಲ್ವರು ಸತ್ತರು, ಅದರಲ್ಲಿ 6 ವರ್ಷದ ಒಂದು ಮಗು.  ಆ ಮಗುವನ್ನು ಮಣ್ಣು ಮಾಡಲು ಬಿಡಲ್ಲ ಅಂತ ಸ್ಮಶಾನದ ಹತ್ತಿರ ಗುಂಪು ಸೇರಿ ಗಲಾಟೆ ಮಾಡಿದರು. ಆ ಊರವರು ಬೇರೆ ಕಡೆ ಹೋಗಬೇಕಾದರೆ ನನ್ನ ಮೈಯಲ್ಲಿ ಏನೂ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕಾಯಿತು.

ನಮ್ಮಲ್ಲೂ ಆಗಿದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ, ವಿಶ್ವವಿದ್ಯಾಲಯದ ಲ್ಯಾಬಿನಿಂದ ಹರಾಜಾಗಿ ಬಂದ ಯಂತ್ರವನ್ನು ಬಿಚ್ಚಿದರು. ಒಳಗೆ ಕೋಬಾಲ್ಟ್-60. 1985ರಿಂದ ಮುಟ್ಟದೇ ಬಿದ್ದಿದ್ದ ಯಂತ್ರ. 5 ವರ್ಷ ಚಿಲ್ಲರೆಗೆ ಒಮ್ಮೆ ಅರ್ಧವಾಗುತ್ತಾ ಬಂದು, ಕೊನೆಗೆ ಉಳಿದಿದ್ದ ಚೂರೇ ಒಬ್ಬ ಕೆಲಸಗಾರನ ಜೀವ ತೆಗೆಯಿತು. ಹಳೇ ಯಂತ್ರದ ಮೇಲೆ ಮೂರು ರೆಕ್ಕೆಯ ಗುರುತು ಕಂಡರೆ ಕೈ ಹಾಕಬೇಡಿ, ದೂರ ಹೋಗಿ ಪೊಲೀಸರಿಗೆ ಫೋನ್ ಮಾಡಿ. ಭಯ ಅಲ್ಲಿ ಖರ್ಚಾಗಲಿ.

ಇನ್ನು, ನಿಮ್ಮ ಮನೆಯಲ್ಲೇ ಯಾರಿಗಾದರೂ ರೇಡಿಯೇಷನ್ ಆಗಿದ್ದರೆ, ಹೊರಗಿನಿಂದ ಕಿರಣ ಕೊಟ್ಟದ್ದಾ, ಒಳಗೆ ವಸ್ತು ಕೊಟ್ಟದ್ದಾ ಅಂತ ಮೊದಲು ಕೇಳಿ. ಹೊರಗಿನದ್ದಾದರೆ ಅವತ್ತೇ ಮಗು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು. ಒಳಗಿನದ್ದಾದರೆ ಎಷ್ಟು ದಿನ ದೂರ ಇರಬೇಕು ಅಂತ ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಡುತ್ತಾರೆ. ಬರೆದಿಲ್ಲ ಅಂದರೆ ಫೋನ್ ಮಾಡಿ ಕೇಳಿ. ನಂಬರು ಆ ಚೀಟಿಯ ಮೇಲೇ ಇರುತ್ತದೆ.