ಮೊದಲು ಪರ್ಮಿಷನ್ ತಗೊಂಡು ಬಾ

ಹಶ್-ಎ-ಫೋನ್ ಅಂತ ಕೇಳಿದೀರಾ? ಹಳೇ ಲ್ಯಾಂಡ್‌ಲೈನ್ ರಿಸೀವರ್ ಇರ್ತಿತ್ತಲ್ಲ, ಅದರಲ್ಲಿ ಮಾತಾಡೋ ತುದಿಗೆ ಸಿಕ್ಕಿಸೋ ಒಂದು ಕಪ್ ಥರದ್ದು, ಅಷ್ಟೇ. ಪಕ್ಕದಲ್ಲಿ ಕೂತೋರಿಗೆ ನಿಮ್ಮ ಮಾತು ಕೇಳಿಸಬಾರದು ಅಂತ. ವೈರ್ ಇಲ್ಲ ಕರೆಂಟ್ ಇಲ್ಲ, ಕೈ ಅಡ್ಡ ಹಿಡ್ಕೊಂಡು ಪಿಸುಗುಟ್ಟಿದ ಹಾಗೆ. ಅಮೆರಿಕದ ದೊಡ್ಡ ಫೋನ್ ಕಂಪನಿ ಎಟಿ ಅಂಡ್ ಟಿ ಇದು ಬೇಡ ಅಂತು. ನಾವು ಕೊಡದಿರೋ ಯಾವ ವಸ್ತುನೂ ನಮ್ಮ ಫೋನಿಗೆ ಸಿಕ್ಕಿಸೋ ಹಾಗಿಲ್ಲ ಅನ್ನೋದು ಅವರ ರೂಲು, 1955ರಲ್ಲಿ ಸರ್ಕಾರದ ಸಂಪರ್ಕ ಆಯೋಗನೂ ಅದೇ ಸರಿ ಅಂತ ಮೊಹರು ಒತ್ತಿಬಿಡ್ತು. ಒಂದು ಕಪ್ಪಿಗೆ, ಸ್ವಾಮಿ!

1956ರಲ್ಲಿ ಕೋರ್ಟು ಆ ಆದೇಶ ತಳ್ಳಿಹಾಕ್ತು. ಕೋರ್ಟ್ ಹೇಳಿದ ಮಾತಿನ ಸಾರ ಇಷ್ಟು: ತನಗೆ ಉಪಯೋಗ ಆಗೋ ಹಾಗೆ, ಬೇರೆಯವರಿಗೆ ತೊಂದರೆ ಆಗದ ಹಾಗೆ ಫೋನ್ ಬಳಸೋದು ಚಂದಾದಾರನ ಹಕ್ಕು. ವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಲೆ ಭಾಷಣ ಕೇಳಿದೀನಿ, ಆದ್ರೆ ಇಷ್ಟು ಚಿಕ್ಕದಾಗಿ ಇಷ್ಟು ನೆಟ್ಟಗೆ ಹೇಳಿದ್ದು ಕೇಳಿಲ್ಲ. ಅದಾಗಿ 12 ವರ್ಷಕ್ಕೆ, 1968ರಲ್ಲಿ, ಟೆಕ್ಸಾಸ್‌ನ ಟಾಮ್ ಕಾರ್ಟರ್ ಅನ್ನೋರು ವೈರ್‌ಲೆಸ್ ರೇಡಿಯೋನ ಫೋನ್ ಲೈನಿಗೆ ಜೋಡಿಸೋ ಕಾರ್ಟರ್‌ಫೋನ್ ಕೇಸ್ ಗೆದ್ದರು, ಈ ಸಲ ಆಯೋಗನೇ ಅವರ ಪರ. ಆಮೇಲೆ ಆನ್ಸರಿಂಗ್ ಮೆಷಿನ್, ಫ್ಯಾಕ್ಸ್, ಮೋಡೆಮ್ ಅಂತ ಕಂಡಕಂಡವರೆಲ್ಲ ತಮ್ಮ ಪೆಟ್ಟಿಗೆ ತಂದು ಆ ಲೈನಿಗೆ ಸಿಕ್ಕಿಸಿದರು, ಮುಂದೆ ಮನೆಮನೆ ಕಂಪ್ಯೂಟರ್ ಹೊರಗಿನ ಲೋಕ ನೋಡಿದ್ದೂ ಅದೇ ದಾರೀಲಿ.

ಸರ್ಕಾರ ಚಿಕ್ಕದಿರಬೇಕು ಅಂದ ತಕ್ಷಣ ನೀನು ದೊಡ್ಡ ಕಂಪನಿಗಳ ಏಜೆಂಟು ಅಂತಾರೆ. ಇಲ್ಲಿ ನೋಡಿ, ಪರ್ಮಿಷನ್ ವ್ಯವಸ್ಥೆಯಿಂದ ಲಾಭ ಆಗ್ತಿದ್ದಿದ್ದು ಯಾರಿಗೆ? ದೊಡ್ಡ ಕಂಪನಿಗೇ ತಾನೆ. ಫೈಲು ಓಡಿಸೋಕೆ ಅವರ ಹತ್ರ ವಕೀಲರ ದಂಡೇ ಇರುತ್ತೆ, ಒಂಟಿ ಮನುಷ್ಯನ ಹತ್ರ ಇರೋದು ಒಂದು ಐಡಿಯಾ, ಒಂದಿಷ್ಟು ಹುಚ್ಚು.

ಹಾಗಂತ ಸರ್ಕಾರನೇ ಬೇಡ ಅಂತ ಹೇಳ್ತಿಲ್ಲ. ಥಾಲಿಡೊಮೈಡ್ ಮಾತ್ರೆ ವಿಷಯ ಗೊತ್ತಲ್ವಾ? ಗರ್ಭಿಣಿಯರು ಅದನ್ನ ತಗೊಂಡು ಎಷ್ಟೋ ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೇ ಹುಟ್ಟಿದವು. ಅಮೆರಿಕದಲ್ಲಿ ಅದು ಮಾರುಕಟ್ಟೆಗೆ ಬರದಂತೆ ತಡೆದಿದ್ದು ಫ್ರಾನ್ಸಿಸ್ ಕೆಲ್ಸಿ ಅನ್ನೋ ಸರ್ಕಾರಿ ಅಧಿಕಾರಿ, 1960ರಿಂದ ಕಂಪನಿ ಎಷ್ಟು ಒತ್ತಡ ಹಾಕಿದರೂ ಸುರಕ್ಷತೆಗೆ ಪುರಾವೆ ತನ್ನಿ ಅಂತ ಪಟ್ಟು ಹಿಡಿದು ಕೂತರು ಆಯಮ್ಮ. ಅವರಿಗೆ ಕೈ ಮುಗೀತೀನಿ. ಆದ್ರೆ ಹೊಟ್ಟೆಗೆ ಹೋಗೋ ಮಾತ್ರೆಗೂ ಫೋನಿಗೆ ಸಿಕ್ಕಿಸೋ ಕಪ್ಪಿಗೂ ಒಂದೇ ತಕ್ಕಡಿ ಯಾಕೆ? ಮಾತ್ರೆ ವಿಷಯದಲ್ಲಿ ಪುರಾವೆ ಕೊಡೋ ಭಾರ ತಯಾರಕರ ಮೇಲೆ ಇರಲಿ, ಕಪ್ಪಿನ ವಿಷಯದಲ್ಲಿ ಏನು ತೊಂದರೆ ಆಗುತ್ತೆ ಅಂತ ತೋರಿಸೋ ಭಾರ ತಡೆಯೋರ ಮೇಲೆ ಇರಲಿ, ನನ್ನ ವಾದ ಇಷ್ಟೇ.

ಬ್ರಿಟನ್ ಕಥೆ ಇನ್ನೂ ತಮಾಷೆ, 1865ರ ಕಾನೂನಿನ ಪ್ರಕಾರ ಕುದುರೆ ಇಲ್ಲದೇ ಯಂತ್ರದಿಂದ ಓಡೋ ಗಾಡಿ ಊರೊಳಗೆ ಗಂಟೆಗೆ 2 ಮೈಲಿ ದಾಟೋ ಹಾಗಿಲ್ಲ, ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೀಬೇಕು. ನಡೆಯೋ ಮನುಷ್ಯನೇ ಗಾಡಿಗಿಂತ ಫಾಸ್ಟು! 1896ರಲ್ಲಿ ಮಿತಿ 14 ಮೈಲಿಗೆ ಏರ್ತು. ಅಷ್ಟು ವರ್ಷದಲ್ಲಿ ಯಾರ್ಯಾರು ಏನೇನು ಮಾಡದೇ ಕೈಬಿಟ್ಟರೋ, ಲೆಕ್ಕ ಇಟ್ಟೋರು ಯಾರೂ ಇಲ್ಲ. ಅಪಘಾತ ಆದ್ರೆ ಪೇಪರಲ್ಲಿ ಬರುತ್ತೆ, ಹುಟ್ಟದೇ ಇರೋ ಯಂತ್ರದ ಸುದ್ದಿ ಯಾರು ಬರೀತಾರೆ?

ಇಂಟರ್ನೆಟ್ ಹುಟ್ಟಿದ್ದೇ ಸರ್ಕಾರದ ದುಡ್ಡಲ್ಲಿ ಅಂತ ಯಾರಾದ್ರೂ ಅಂತೀರಿ, ಗೊತ್ತು. ನಿಜ, ಇಂಟರ್ನೆಟ್‌ಗೆ ಮೂಲವಾದ ಕಂಪ್ಯೂಟರ್ ಜಾಲ, 1969ರ ಅರ್ಪಾನೆಟ್‌ಗೆ ದುಡ್ಡು ಹಾಕಿದ್ದು ಅಮೆರಿಕದ ರಕ್ಷಣಾ ಇಲಾಖೆ. ದುಡ್ಡು ಕೊಡೋದು ಬೇರೆ, ದಾರಿಗೆ ಅಡ್ಡ ನಿಲ್ಲೋದು ಬೇರೆ. ಅಂದಹಾಗೆ, ಆ ಕಪ್ಪಿನ ಕೇಸಲ್ಲಿ ಕಪ್ಪಿನ ಪರ ಸಾಕ್ಷಿ ಹೇಳಿದ ಧ್ವನಿ ತಜ್ಞರಲ್ಲಿ ಲಿಯೋ ಬೆರಾನೆಕ್ ಒಬ್ಬರು, ಲಿಕ್ಲೈಡರ್ ಇನ್ನೊಬ್ಬರು. ಕಂಪ್ಯೂಟರ್‌ಗಳ ಜಾಲ ಕಟ್ಟಬೇಕು ಅನ್ನೋ ಕನಸನ್ನ ಮುಂದೆ ಅದೇ ರಕ್ಷಣಾ ಇಲಾಖೆ ಒಳಗೆ ಬಿತ್ತಿದ್ದು ಲಿಕ್ಲೈಡರ್. ಆ ಜಾಲದ ಮೊದಲ ಯಂತ್ರಗಳನ್ನ ಮಾಡಿಕೊಟ್ಟಿದ್ದು ಬೆರಾನೆಕ್ ಸೇರಿ ಶುರು ಮಾಡಿದ್ದ ಒಂದು ಕಂಪನಿ.